ಅಮೆರಿಕದಲ್ಲಿ ಜರ್ಮನ್–ಸ್ಕ್ಯಾಂಡಿನೇವಿಯನ್ ಪಿಎಚ್‌ಡಿ: ಭಾರತದ ಪಾಸ್‌ಪೋರ್ಟ್ ಇರುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ನೀವು ಕೇಳಿರುವುದು ಇಷ್ಟು: ಜರ್ಮನ್ ಎಂ.ಎ. ಆಗಿದೆ, ಸ್ವೀಡಿಷ್ ಅಲ್ಪಸ್ವಲ್ಪ ಬರುತ್ತದೆ, ಅಮೆರಿಕದ ಒಂದು ಜರ್ಮನ್–ಸ್ಕ್ಯಾಂಡಿನೇವಿಯನ್ ವಿಭಾಗದಿಂದ ಪಿಎಚ್‌ಡಿ ಆಫರ್ ಬಂದಿದೆ. ಅವರು ಕೊಡುವ ಹಣದಲ್ಲಿ ಬದುಕಬಹುದೇ, ಹೊರಗಿನ ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು?

ಮೊದಲು ಪಟ್ಟಿಯಿಂದ ಹೊಡೆದುಹಾಕಬೇಕಾದವು. ಇಂಥ ವಿಭಾಗಗಳು ಹಂಚುವ ಫೆಲೋಶಿಪ್ ಪಟ್ಟಿಯಲ್ಲಿ ದೊಡ್ಡ ಹೆಸರುಗಳೆಲ್ಲ ಪಾಸ್‌ಪೋರ್ಟ್ ನೋಡಿಯೇ ಬಾಗಿಲು ತೆಗೆಯುವಂಥವು. ಅಮೆರಿಕದಿಂದ ಜರ್ಮನಿಗೋ ನಾರ್ವೆಗೋ ಕಳಿಸುವ ಫುಲ್‌ಬ್ರೈಟ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ನ್ಯೂಯಾರ್ಕಿನಲ್ಲಿ 1910ರಲ್ಲಿ ಹುಟ್ಟಿದ ಅಮೆರಿಕನ್–ಸ್ಕ್ಯಾಂಡಿನೇವಿಯನ್ ಫೌಂಡೇಶನ್ 23,000 ಡಾಲರ್‌ವರೆಗೆ ಕೊಡುತ್ತದೆ, ಆದರೆ ಪ್ರಜೆಗಳಿಗೆ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ. ಸರ್ಕಾರದ ಭಾಷಾ ಫೆಲೋಶಿಪ್ ಆದ ಫ್ಲಾಸ್‌ನದೂ ಇದೇ ಕಥೆ. ಫುಲ್‌ಬ್ರೈಟ್–ನೆಹರೂ ಡಾಕ್ಟರಲ್ ನೆರವು ಭಾರತದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡವರಿಗೆ. ನೀವು ಆ ಲೆಕ್ಕಕ್ಕೂ ಬರುವುದಿಲ್ಲ. ಇವುಗಳ ಮೇಲೆ ಒಂದು ಸಂಜೆಯನ್ನೂ ಕಳೆಯಬೇಡಿ.

ಹಾಗಾಗಿ ನಿಮ್ಮ ನಿಜವಾದ ಆಧಾರ ವಿಭಾಗ ಕೊಡುವ ಟೀಚಿಂಗ್ ಅಸಿಸ್ಟೆಂಟ್‌ಶಿಪ್ಪೇ, ಅಂದರೆ ಪಾಠ ಮಾಡಿದ್ದಕ್ಕೆ ಸಿಗುವ ಹಣ. ಆಫರ್ ಪತ್ರದಲ್ಲಿ ಸ್ಟೈಪೆಂಡಿನ ಮೊತ್ತಕ್ಕಿಂತ ಅದು ಎಷ್ಟು ತಿಂಗಳದ್ದು ಎಂಬುದು ಮುಖ್ಯ. ಬಹುತೇಕ ಕಡೆ 9 ತಿಂಗಳಿಗೆ. ಬೇಸಿಗೆಯ ಮೂರು ತಿಂಗಳು ಸಂಬಳವಿಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಟ್ಯೂಷನ್ ಮನ್ನಾ ಆದರೂ ‘ಫೀ’ ಎಂಬ ಬೇರೆ ಬಾಬ್ತು ಪ್ರತಿ ಅವಧಿಗೂ ಬರಬಹುದು. ಆರೋಗ್ಯ ವಿಮೆಯ ಕಂತಿನಲ್ಲಿ ನಿಮ್ಮ ಪಾಲೆಷ್ಟು, ಎಷ್ಟು ವರ್ಷಕ್ಕೆ ಖಾತರಿ, ಬೇಸಿಗೆಗೆ ಏನು ವ್ಯವಸ್ಥೆ ಎಂದು ಗ್ರಾಜುಯೇಟ್ ಡೈರೆಕ್ಟರ್‌ಗೆ ಇಮೇಲ್‌ನಲ್ಲೇ ಕೇಳಿ. ಫೋನಿನಲ್ಲಿ ಕೊಟ್ಟ ಮಾತು ಮುಂದೆ ಯಾರಿಗೂ ನೆನಪಿರುವುದಿಲ್ಲ. ಉತ್ತರಕ್ಕೆ ಅವಸರಪಡಿಸಿದರೆ ಹೆದರಬೇಡಿ: ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಪ್ಪಂದಕ್ಕೆ ಸಹಿ ಮಾಡಿದ ವಿಶ್ವವಿದ್ಯಾಲಯಗಳು ಹಣಕಾಸಿನ ಆಫರ್ ವಿಚಾರದಲ್ಲಿ ಏಪ್ರಿಲ್ 15ರವರೆಗೆ ಸಮಯ ಕೊಡಬೇಕು. ಬೇರೆ ಆಫರ್ ಕೈಯಲ್ಲಿದ್ದರೆ ಅದನ್ನು ತೋರಿಸಿ ಬೇಸಿಗೆಯ ಹಣ ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಯಾವ ಭಾಷೆ ಪಾಠ ಮಾಡಿಸುತ್ತಾರೆ ಎಂಬುದನ್ನೂ ಕೇಳಿ. ಮೊದಲ ವರ್ಷದ ಜರ್ಮನ್‌ಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸೆಕ್ಷನ್ ಇರುತ್ತವೆ. ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್‌ಗೆ ಒಂದಿದ್ದರೆ ಹೆಚ್ಚು. ವಿದ್ಯಾರ್ಥಿಗಳು ಕಡಿಮೆಯಾದಾಗ ಮೊದಲು ಮುಚ್ಚುವುದು ಅದನ್ನೇ. ನಿಮ್ಮ ಪ್ರಬಂಧ ಪೂರ್ತಿ ಸ್ಕ್ಯಾಂಡಿನೇವಿಯಾದ ಮೇಲಿದ್ದರೂ ಜರ್ಮನ್ ಪಾಠ ಮಾಡುವ ಅರ್ಹತೆ ಕೈಬಿಡಬೇಡಿ. ನನ್ನ ಪ್ರಕಾರ ನಿಮ್ಮ ಅರ್ಜಿಯ ದೊಡ್ಡ ಬಲ ಅದೇ.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಅರ್ಧಕಾಲಿಕ ಅಸಿಸ್ಟೆಂಟ್‌ಶಿಪ್ಪೇ ಆ ಮಿತಿಯನ್ನು ನುಂಗಿಬಿಡುತ್ತದೆ, ಲೈಬ್ರರಿಯಲ್ಲಿ ಇನ್ನೊಂದು ಕೆಲಸ ಹಿಡಿಯುವ ಲೆಕ್ಕಾಚಾರ ಬೇಡ. ತೆರಿಗೆಯಲ್ಲಿ ಮಾತ್ರ ಭಾರತೀಯರಿಗೆ ಒಂದು ಅನುಕೂಲವಿದೆ: ಎರಡು ದೇಶಗಳ ಒಪ್ಪಂದದ 21(2)ನೇ ವಿಧಿಯ ಪ್ರಕಾರ, ವಿದೇಶಿಯರ ತೆರಿಗೆ ಫಾರಂ ಆದ 1040-ಎನ್‌ಆರ್ ಸಲ್ಲಿಸುವ ಭಾರತೀಯ ವಿದ್ಯಾರ್ಥಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಹೆಚ್ಚಿನ ದೇಶದವರಿಗೆ ಇದಿಲ್ಲ, ಆದ್ದರಿಂದ ಚೀನಾದ ಸಹಪಾಠಿಯ ಫಾರಂ ನೋಡಿ ನಕಲು ಮಾಡಬೇಡಿ. ಪಾಠ ಮಾಡದೆ ಸಿಗುವ ಫೆಲೋಶಿಪ್ ಹಣದ ಮೇಲೆ ಮೊದಲೇ 14% ಹಿಡಿಯುತ್ತಾರೆ. ಅದು 1042-ಎಸ್ ಫಾರಂನಲ್ಲಿ ಬರುತ್ತದೆ, ವರ್ಷದ ಕೊನೆಗೆ ಲೆಕ್ಕ ಹಾಕಿ ಹೆಚ್ಚಾದದ್ದನ್ನು ವಾಪಸ್ ಪಡೆಯಬೇಕು.

ಇನ್ನು ಹೊರಗಿನ ಹಣ. ನಿಮಗೆ ನಿಜವಾಗಿ ತೆರೆದಿರುವುದರಲ್ಲಿ ಮೊದಲನೆಯದು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಸಂಶೋಧನಾ ನೆರವು. ಅಲ್ಪಾವಧಿಯದ್ದು 1ರಿಂದ 6 ತಿಂಗಳು, ದೀರ್ಘಾವಧಿಯದ್ದು 7ರಿಂದ 12. ಅಮೆರಿಕದಲ್ಲಿ ಪೂರ್ಣಾವಧಿ ಓದುತ್ತಿರುವ ವಿದೇಶಿಯರೂ ಅಲ್ಲಿಂದಲೇ ಅರ್ಜಿ ಹಾಕಬಹುದು. ಅರ್ಜಿ ಹಾಕುವ ಹೊತ್ತಿಗೆ ಜರ್ಮನಿಯಲ್ಲಿ ನೆಲೆಸಿ 15 ತಿಂಗಳು ದಾಟಿರಬಾರದು. ಜರ್ಮನಿಯ ಪ್ರಾಧ್ಯಾಪಕರಿಂದ ಆಹ್ವಾನ ಪತ್ರ ಬೇಕು. ಅರ್ಜಿ ಸೋಲುವುದು ಹೆಚ್ಚಾಗಿ ಇಲ್ಲೇ. ‘ಸ್ವಾಗತ’ ಎಂಬ ಎರಡು ಸಾಲಿನ ಪತ್ರ ಯಾವ ಕೆಲಸಕ್ಕೂ ಬಾರದು. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಸಂಗ್ರಹದ ಮೇಲೆ, ಅವರ ನೆರವು ಏನು ಎಂಬುದು ಅದರಲ್ಲಿರಬೇಕು. ಪತ್ರ ಕೇಳುವ ಮೊದಲು ಕಲಿಯೋಪೆ ಎಂಬ ಆನ್‌ಲೈನ್ ಕ್ಯಾಟಲಾಗಿನಲ್ಲಿ ನಿಮ್ಮ ಲೇಖಕರ ಕಾಗದಪತ್ರ ಎಲ್ಲಿದೆ ಹುಡುಕಿ, ಸಿಗ್ನಾಟೂರ್ ಎಂಬ ಕಡತದ ಗುರುತಿನ ಸಂಖ್ಯೆ ಬರೆದುಕೊಳ್ಳಿ, ವಾರಸುದಾರರ ಅನುಮತಿ ಬೇಕೇ ಎಂದು ಆರ್ಕೈವಿಗೇ ಕೇಳಿ. ‘ಬರ್ಲಿನ್ ಆರ್ಕೈವ್‌ಗಳಲ್ಲಿ ಹುಡುಕುತ್ತೇನೆ’ ಎಂಬ ಪ್ರಸ್ತಾವನೆಗಿಂತ ಐದು ಸಿಗ್ನಾಟೂರ್ ಇರುವ ಪ್ರಸ್ತಾವನೆ ಎಷ್ಟೋ ಮೇಲು.

ವಿಷಯ ಮಧ್ಯಯುಗ ಅಥವಾ ಅದರ ನಂತರದ ಒಂದೆರಡು ಶತಮಾನದ್ದಾದರೆ ವೋಲ್ಫೆನ್‌ಬ್ಯುಟೆಲ್‌ನ ಹೆರ್ಜೋಗ್ ಆಗಸ್ಟ್ ಗ್ರಂಥಾಲಯ ಎಲ್ಲ ದೇಶದ ಡಾಕ್ಟರಲ್ ವಿದ್ಯಾರ್ಥಿಗಳಿಗೂ 2ರಿಂದ 10 ತಿಂಗಳ ಸ್ಟೈಪೆಂಡ್ ಕೊಡುತ್ತದೆ. ಆಧುನಿಕ ಸಾಹಿತ್ಯಕ್ಕೆ ಮಾರ್‌ಬಾಖ್‌ನ ಸಾಹಿತ್ಯ ಆರ್ಕೈವ್, ಜರ್ಮನ್ ಯಹೂದಿ ಚರಿತ್ರೆಗೆ ಲಿಯೋ ಬೆಕ್ ಫೆಲೋಶಿಪ್. ಕನ್ನಡ ಬಲ್ಲವರಿಗೆ ಇನ್ನೊಂದು ದಾರಿಯೂ ಇದೆ: ಮೊಗ್ಲಿಂಗ್, ಕಿಟೆಲ್ ಅವರ ಬಾಸೆಲ್ ಮಿಷನ್ ಕಾಗದಗಳು. ಎರಡೂ ಭಾಷೆ ಓದಬಲ್ಲ ಸಂಶೋಧಕರು ಎಷ್ಟು ಜನ ಸಿಕ್ಕಾರು! ಆದರೆ ಆ ಆರ್ಕೈವ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಡಿಎಎಡಿ ಹಣ ಜರ್ಮನಿಯಲ್ಲಿ ಇರುವುದಕ್ಕೆ. ಹಾಗಾಗಿ ನೆಲೆಯನ್ನು ಟ್ಯುಬಿಂಗೆನ್‌ನಂಥ ಕಡೆ ಇಟ್ಟುಕೊಂಡು ಬಾಸೆಲ್‌ಗೆ ಸಣ್ಣ ಭೇಟಿಗಳನ್ನು ಯೋಜಿಸಬೇಕು. ಪತ್ರಗಳು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿಯಲ್ಲಿವೆ, ಹೋಗುವ ಮುಂಚೆಯೇ ಓದಲು ಕಲಿತಿರಿ.

ಸ್ಕ್ಯಾಂಡಿನೇವಿಯಾ ಕಡೆ ವಿದೇಶಿ ವಿದ್ಯಾರ್ಥಿಗೆ ಸಿಗುವುದು ಚಿಕ್ಕ ಮೊತ್ತಗಳು: ಬೇಸಿಗೆ ಭಾಷಾ ಶಿಬಿರದ ನೆರವು, ವಿಭಾಗದ ದತ್ತಿ ಹಣ. ಅಲ್ಲಿ ಪಿಎಚ್‌ಡಿ ಎಂದರೆ ಬಹುಮಟ್ಟಿಗೆ ಸಂಬಳದ ಉದ್ಯೋಗ. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಪೂರ್ಣಾವಧಿ, ನಾರ್ವೆಯಲ್ಲಿ ಮೂರು, ಪಾಠದ ಕೆಲಸ ಸೇರಿದರೆ ನಾಲ್ಕು. ಹುದ್ದೆ ಪ್ರಕಟವಾದಾಗ ಮಾತ್ರ ಅರ್ಜಿ. ಸಾಹಿತ್ಯದಲ್ಲಿ ಅಂಥ ಹುದ್ದೆಗಳು ಅಪರೂಪ, ಅಲ್ಲಿನ ಭಾಷೆಯಲ್ಲೇ ಕೆಲಸ ಮಾಡುವಷ್ಟು ಹಿಡಿತವೂ ಬೇಕು. ‘ಅಲ್ಪಸ್ವಲ್ಪ’ ಸಾಲದು.

ಫೆಲೋಶಿಪ್ ಗೆದ್ದ ಮೇಲೂ ಒಂದು ಖರ್ಚು ಕಾದಿರುತ್ತದೆ. ಟ್ಯೂಷನ್ ಮನ್ನಾ ಅಸಿಸ್ಟೆಂಟ್‌ಶಿಪ್‌ಗೆ ಅಂಟಿಕೊಂಡದ್ದು. ಜರ್ಮನಿಗೆ ಹೋದ ವರ್ಷ ಅದು ನಿಲ್ಲಬಹುದು. ನೋಂದಣಿ ಬಿಟ್ಟು ಐದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಎಫ್-1 ದಾಖಲೆ ಮುಚ್ಚಿಹೋಗುತ್ತದೆ. ಹಾಗಾಗಿ ಕನಿಷ್ಠ ಕ್ರೆಡಿಟ್‌ನ ಶುಲ್ಕ ಯಾರು ಕಟ್ಟುತ್ತಾರೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಿಭಾಗದೊಡನೆ ಬಗೆಹರಿಸಿಕೊಳ್ಳಿ. ಅಮೆರಿಕದ ಸಹಪಾಠಿಗಳು ಜರ್ಮನಿಗೆ ಇಳಿದ ಮೇಲೆ ಪರವಾನಗಿ ಮಾಡಿಸಿಕೊಳ್ಳಬಹುದು, ನಿಮಗೆ ಆ ಸವಲತ್ತಿಲ್ಲ. 90 ದಿನ ಮೀರುವುದಾದರೆ ನೀವಿರುವ ರಾಜ್ಯಕ್ಕೆ ಸೇರಿದ ಜರ್ಮನ್ ಕಾನ್ಸುಲೇಟಿನಿಂದ ನ್ಯಾಷನಲ್ ವೀಸಾ ಪಡೆದೇ ಹೊರಡಬೇಕು. ಡಿಎಎಡಿಯ ಮಂಜೂರಾತಿ ಪತ್ರವನ್ನೇ ಹಣದ ಪುರಾವೆಯಾಗಿ ಕೊಡಿ. ವಾಪಸಾಗುವ ಹೊತ್ತಿಗೆ ಅಮೆರಿಕದ ವೀಸಾ ಸ್ಟ್ಯಾಂಪ್ ಚಾಲ್ತಿಯಲ್ಲಿರುತ್ತದೆಯೇ ಎಂಬುದನ್ನೂ ಟಿಕೆಟ್ ಕಾಯ್ದಿರಿಸುವ ಮೊದಲು ನೋಡಿಕೊಳ್ಳಿ.