ಮೊದಲ ವೆಬ್‌ಸೈಟ್‌ಗೆ ಬ್ಲಾಗರ್ ಸಾಕಾ, ಸ್ವಂತ ಹೋಸ್ಟಿಂಗ್ ಬೇಕಾ?

ಅಮ್ಮನ ಅಡುಗೆಗಳನ್ನು ಕನ್ನಡದಲ್ಲಿ ಬರೆದಿಡಲು ಒಂದು ವೆಬ್‌ಸೈಟ್ ಬೇಕು, ತಾಂತ್ರಿಕ ಜ್ಞಾನ ಅಷ್ಟಕ್ಕಷ್ಟೇ, ಗೂಗಲ್‌ನ ಉಚಿತ ಬ್ಲಾಗರ್‌ನಲ್ಲಿ ಶುರು ಮಾಡಲಾ ಅಥವಾ ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಜಾಗ) ಕೊಂಡು, ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹಾಕಿಕೊಳ್ಳಲಾ ಅಂತ ಕೇಳಿದ್ದೀರಿ. ಬ್ಲಾಗರ್‌ನಲ್ಲೇ ಶುರು ಮಾಡಿ. ಆದರೆ ಡೊಮೇನ್, ಅಂದರೆ ಸೈಟ್‌ನ ವಿಳಾಸ, ಮಾತ್ರ ಮೊದಲ ದಿನವೇ ನಿಮ್ಮ ಹೆಸರಿನಲ್ಲಿ ಕೊಂಡುಕೊಳ್ಳಿ.

ಬ್ಲಾಗರ್ ಬಾಡಿಗೆ ಮನೆ, ಹೋಸ್ಟಿಂಗ್ ಸ್ವಂತ ಮನೆ ಅಂತ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೋಸ್ಟಿಂಗ್‌ನಲ್ಲಿ ಸರ್ವರ್ ಕೂಡ ಬಾಡಿಗೆಯದೇ, ಡೊಮೇನ್‌ಗೂ ವರ್ಷ ವರ್ಷ ದುಡ್ಡು ಕಟ್ಟಬೇಕು. ಸಾಲದ್ದಕ್ಕೆ ಮಾಡು ಸೋರಿದರೆ ನೀವೇ ಹತ್ತಬೇಕು.

ನಾನು ಹಾಗೆ ಹತ್ತಿ ಬಿದ್ದವನು. ಮೊದಲ ವರ್ಷ ಆಫರ್ ದರ ನೋಡಿ ಹೋಸ್ಟಿಂಗ್ ಕೊಂಡೆ, ಎರಡನೇ ವರ್ಷ ಬಿಲ್ ಮೂರು ಪಟ್ಟು ಬಂತು. ಅದು ಹೋಗಲಿ. ವರ್ಡ್‌ಪ್ರೆಸ್‌ಗೆ ಸೇರಿಸಿಕೊಂಡಿದ್ದ ಒಂದು ಫೋಟೊ ಗ್ಯಾಲರಿ ಪ್ಲಗಿನ್ನನ್ನು ಅಪ್‌ಡೇಟ್ ಮಾಡದೆ ಸುಮ್ನೆ ಬಿಟ್ಟಿದ್ದೆ. ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿ, "ಅಣ್ಣ, ನಿನ್ನ ಸೈಟ್ ತೆಗೆದರೆ ಜೂಜಿನ ಆಟ ಬರ್ತಿದೆ" ಅಂದಳು. ಹೋಸ್ಟಿಂಗ್‌ನವರು ಅಕೌಂಟ್ ನಿಲ್ಲಿಸಿಬಿಟ್ಟರು. ಬ್ಯಾಕಪ್ ಇತ್ತು, ಅದೇ ಸರ್ವರ್ ಒಳಗೆ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಲ್ಯಾಪ್‌ಟಾಪ್‌ನಲ್ಲಿದ್ದ ಹಳೇ ಪ್ರತಿಯನ್ನು ಬೇರೆ ಕಡೆ ಏರಿಸಿದರೆ ಕನ್ನಡ ಅಕ್ಷರವಿದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಬರಹ ಕೂಡಿಡುವ ಡೇಟಾಬೇಸನ್ನು ಯುಟಿಎಫ್-8ಕ್ಕೆ, ಅಂದರೆ ಕನ್ನಡದಂಥ ಲಿಪಿಗಳನ್ನೂ ಉಳಿಸುವ ವಿಧಾನಕ್ಕೆ, ಹೊಂದಿಸಿರಲಿಲ್ಲ. ಅದನ್ನು ಸರಿ ಮಾಡಲು ಒಂದು ವಾರ ಹಿಡಿಯಿತು. ಮಧ್ಯದ ನಾಲ್ಕು ತಿಂಗಳ ಬರಹ ಹೋದದ್ದು ಹೋಯಿತು.

ಬ್ಲಾಗರ್‌ನಲ್ಲಿ ಈ ಯಾವ ತಲೆಬಿಸಿಯೂ ಇಲ್ಲ. ಸ್ವಂತ ಡೊಮೇನ್ ಜೋಡಿಸಲು ಅವರು ದುಡ್ಡು ಕೇಳುವುದಿಲ್ಲ. ಬೇರೆ ಹೋಸ್ಟಿಂಗ್ ಕೊಳ್ಳದೆ ವರ್ಡ್‌ಪ್ರೆಸ್ ಬಳಸಲು ಬಿಡುವ ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಾದರೆ ಅದಕ್ಕೆ ಪ್ಲಾನ್ ಕೊಳ್ಳಬೇಕು, ಉಚಿತ ಸೈಟ್‌ನಲ್ಲಿ ಅವರ ಜಾಹೀರಾತು ಬೇರೆ. ಬ್ಲಾಗರ್ ಹಳೇ ಕಾಲದ್ದು, ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ. ವಿನ್ಯಾಸದಲ್ಲಿ ಅಂಥ ಚಂದವೇನಿಲ್ಲ. ಚಿತ್ರಾನ್ನ ಮಾಡೋದು ಹೇಗೆ ಅಂತ ಓದುವವರಿಗೆ ಅದು ಬೇಕಾಗಿಯೂ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಯಾರೂ ಹೇಳಿಕೊಡದ ಒಂದು ವಿಷಯ ಇದೆ: ಲಿಂಕ್. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಆ ಅಕ್ಷರಗಳನ್ನು ಬಿಟ್ಟು, ಲಿಂಕ್‌ನಲ್ಲಿ ಬರೀ 'ಬ್ಲಾಗ್-ಪೋಸ್ಟ್' ಅಂತ ಇಂಗ್ಲಿಷ್‌ನಲ್ಲಿ ಹಾಕುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನೇ ಉಳಿಸಿಕೊಳ್ಳುತ್ತದೆ, ಆದರೆ ಒಳಗೆ ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳ ಜಾಗ ಬೇಕು. ಇರುವ ಜಾಗ 200. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಇಪ್ಪತ್ತೆರಡು ಚಿಹ್ನೆ ಆಗುವಷ್ಟರಲ್ಲಿ ಲಿಂಕ್ ಕತ್ತರಿಸಿ ಹೋಗುತ್ತದೆ. ವಾಟ್ಸಾಪ್‌ಗೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆ, ಅಂಕಿಗಳ ಉದ್ದನೆಯ ಸಾಲು ಬರುತ್ತದೆ. ಅದನ್ನು ನೋಡಿ ವೈರಸ್ ಅಂದುಕೊಂಡು ನಮ್ಮ ದೊಡ್ಡಪ್ಪ ಒತ್ತಲೇ ಇಲ್ಲ. ಹಾಗಾಗಿ ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಅನ್ನುವ ಕಡೆ 'ಚಿತ್ರಾನ್ನ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದುಬಿಡಿ.

ಇದರಿಂದ ಇನ್ನೊಂದು ಲಾಭ ಇದೆ. ಮುಂದೆ ಎಂದಾದರೂ ವರ್ಡ್‌ಪ್ರೆಸ್‌ಗೆ ಹೋದರೆ, ಬ್ಲಾಗರ್‌ನ ವರ್ಷ-ತಿಂಗಳು-ಹೆಸರು ಅನ್ನುವ ಲಿಂಕ್ ಮಾದರಿಯನ್ನೇ ಅಲ್ಲೂ ಇಟ್ಟುಕೊಳ್ಳಬಹುದು. ಡೊಮೇನ್ ನಿಮ್ಮದೇ ಆಗಿರುವುದರಿಂದ ಜನ ಉಳಿಸಿಕೊಂಡ ಹಳೇ ಲಿಂಕ್‌ಗಳೂ ತೆರೆಯುತ್ತವೆ. ಸಾಂಬಾರ್ ಪುಡಿ ಮಾರಬೇಕು, ಆನ್‌ಲೈನ್‌ನಲ್ಲಿ ದುಡ್ಡು ತಗೋಬೇಕು ಅನ್ನಿಸಿದ ದಿನ ಹೋಸ್ಟಿಂಗ್ ಬಗ್ಗೆ ಯೋಚಿಸಿ. ಈಗಲೇ ಬೇಡ.

ಗೂಗಲ್ ಒಂದು ದಿನ ಬ್ಲಾಗರ್ ಮುಚ್ಚಿದರೆ? ಗೂಗಲ್‌ನದೇ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರಲ್ಲಿ ಹೋಯಿತು, ಸೈಟ್ ಮಾಡಿಕೊಳ್ಳಲು ಜಾಗ ಕೊಡುತ್ತಿದ್ದ ಯಾಹೂನ ಜಿಯೋಸಿಟೀಸ್ 2009ರಲ್ಲೇ ಹೋಗಿತ್ತು, ಅಲ್ವಾ? ಅದಕ್ಕೇ ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಳ್ಳಿ. ಅದರಲ್ಲಿ ಬರಹ, ಕಾಮೆಂಟ್ ಇರುತ್ತವೆ. ಫೋಟೊಗಳೂ ಅದರಲ್ಲಿ ಬರುತ್ತವೆ ಅಂತ ನಂಬಿ ಕೂರಬೇಡಿ. ಫೋಟೊಗಳನ್ನು ಬೇರೆಯಾಗಿ ಪೆನ್‌ಡ್ರೈವ್‌ಗೆ ಹಾಕಿಡಿ.

ಡೊಮೇನ್ ಕೊಳ್ಳುವಾಗ ಸಹಾಯಕ್ಕೆ ಯಾರೇ ಬರಲಿ, ಅಕೌಂಟ್ ನಿಮ್ಮ ಇಮೇಲ್‌ನಲ್ಲೇ ಇರಲಿ, ಒಟಿಪಿ ನಿಮ್ಮ ಫೋನ್‌ಗೇ ಬರಲಿ. ನನ್ನ ಗೆಳೆಯನೊಬ್ಬನ ಅಂಗಡಿಯ ಡೊಮೇನ್ ಇವತ್ತಿಗೂ ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದೆ. ಆ ಹುಡುಗ ಈಗ ಫೋನ್ ಎತ್ತುವುದಿಲ್ಲ.