ಸಂಪಾದಕರ ಉತ್ತರ: ಮಾಳಿಗೆ ಮನೆ ಕೆಡವುವ ಮುಂಚೆ

ಸೇಡಂ ಕಡೆಯಿಂದ ಬರೆದ ಓದುಗರಿಗೆ ನಮಸ್ಕಾರ.

ಅಜ್ಜನ ಕಾಲದ ಮಾಳಿಗೆ ಮನೆ, ಅಂದರೆ ಮರದ ಜಂತಿಗಳ ಮೇಲೆ ಮಣ್ಣು ಹಾಸಿದ ಸೂರಿನ ಮನೆ, ಕೆಡವಿ ಆರ್‌ಸಿಸಿ ಮನೆ ಕಟ್ಟಿಸಬೇಕೆಂದಿದ್ದೀರಿ. ಬೆಂಗಳೂರಿನ ನೆಂಟರ ಮನೆ ಥರ ಮುಂದುಗಡೆ ಪೂರ್ತಿ ಗಾಜು ಬೇಕು ಅಂತ ಮಕ್ಕಳ ಆಸೆ. ಅವ್ವ ಮಾತ್ರ ‘ಆ ಮನ್ಯಾಗ ನಾ ಬ್ಯಾಸಗಿ ಕಳಿಯಂಗಿಲ್ಲ’ ಅಂತಿದ್ದಾರೆ. ನಮ್ಮ ಮೇಲೂ ನಿಮಗೆ ಕೋಪ ಇದೆ. ‘ಪೇಟೆಯಲ್ಲಿ ಕೂತು ಮಣ್ಣಿನ ಮನೆ ಹೊಗಳೋದು ಸುಲಭ, ಸೋರುವ ಮಾಳಿಗೆ ಕೆಳಗೆ ಬೋಗುಣಿ ಇಟ್ಟು ಮಲಗಿ ನೋಡಿ’ ಎಂದಿದ್ದೀರಿ.

ಆ ಕೋಪ ನ್ಯಾಯವಾದದ್ದೇ. ಮಾಳಿಗೆ ಸುಮ್ನೆ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿಯಬೇಕು. ಹಾಕಿದಷ್ಟೂ ಭಾರ ಜಾಸ್ತಿ. ಜಂತಿಗೆ ಗೆದ್ದಲು ಹಿಡಿದರೆ ಗೊತ್ತೇ ಆಗುವುದಿಲ್ಲ. 2009ರ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಹೇಗೆ ಕುಸಿದವು ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ಹಳೆಯದನ್ನೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆದರೆ ಅವ್ವನ ಮಾತನ್ನು ಎಂಜಿನಿಯರ್ ಮುಂದೆ ಇಡಲೇಬೇಕು.

ನಾನು ರಾಯಚೂರಿನಲ್ಲಿ ಕೆಲವು ವರ್ಷ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆ. ಮೇ ತಿಂಗಳ ಒಂದು ರಾತ್ರಿ, ಹನ್ನೊಂದು ಗಂಟೆ. ಹೊರಗೆ ಗಾಳಿ ತಣ್ಣಗಾಗಿತ್ತು, ಒಳಗೆ ಬೆವರು ನಿಲ್ಲುತ್ತಿರಲಿಲ್ಲ. ಸ್ಟೂಲ್ ಹತ್ತಿ ಸೂರಿಗೆ ಅಂಗೈ ಇಟ್ಟೆ. ರೊಟ್ಟಿ ಮುಗಿಸಿ ಇಳಿಸಿಟ್ಟ ಹಂಚು ಇನ್ನೂ ಆರದಿರುತ್ತದಲ್ಲ, ಹಾಗಿತ್ತು. ಫ್ಯಾನ್ ಆ ಬಿಸಿಯನ್ನೇ ಕೆಳಗೆ ತಳ್ಳುತ್ತಿತ್ತು. ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಅದನ್ನು ಒಳಗೆ ಬಿಡುತ್ತದೆ. ಮಾಳಿಗೆಯ ದಪ್ಪ ಮಣ್ಣು, ಎರಡಡಿ ಕಲ್ಲಿನ ಗೋಡೆ ದಾಟಿ ಬರಲು ಅದೇ ಬಿಸಿಗೆ ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ಬಾಗಿಲು ತೆರೆದರೆ ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತದೆ. ಅವ್ವನಿಗೆ ಬೇಕಿರೋದು ಇದೇ ಅಲ್ವಾ?

ಇದೇ ಮನೆಯನ್ನು ಮಂಗಳೂರಿನಲ್ಲಿ ಕಟ್ಟಿದರೆ ಉಸಿರುಕಟ್ಟುತ್ತದೆ. ಅಲ್ಲಿ ರಾತ್ರಿಯೂ ಸೆಕೆ, ಗಾಳಿ ಆಡಿದರಷ್ಟೇ ಹಾಯ್ ಅನಿಸೋದು. ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚಿನ ಇಳಿಜಾರು ಮಾಡು ಕರಾವಳಿಯ ಮಳೆಗೆ ಸರಿಯಾಗಿ ಹೊಂದಿತು. ಇನ್ನು ನಿಮ್ಮ ನೆಂಟರ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೇಗೋ ತಡೆದುಕೊಳ್ಳುವ ಗಾಜನ್ನು ನಲವತ್ತು ಡಿಗ್ರಿ ದಾಟುವ ನಿಮ್ಮೂರಿಗೆ ತರಬೇಡಿ. ಈ ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಅದೂ ನಿಮ್ಮ ಮನೆಯ ಮುಂಭಾಗ ಪಶ್ಚಿಮಕ್ಕಿದೆ ಎಂದು ಬರೆದಿದ್ದೀರಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ನೇರ ಒಳಗೆ ನುಗ್ಗುತ್ತದೆ, ಸಜ್ಜಾ ಹಾಕಿದರೂ ತಡೆಯುವುದಿಲ್ಲ. ಆ ಕಡೆ ಮೆಟ್ಟಿಲು, ಬಚ್ಚಲು, ಕಾಳಿನ ಕೋಣೆ ಬರಲಿ. ದೊಡ್ಡ ಕಿಟಕಿಯನ್ನು ಉತ್ತರಕ್ಕಿಡಿ. ಹಳೇ ಗೋಡೆ ಕೆಡವಿದಾಗ ಬರುವ ಕಲ್ಲನ್ನು ಮಾರಬೇಡಿ, ಪಶ್ಚಿಮದ ಗೋಡೆಗೆ ಅದೇ ಸಾಕು. ಅಂಗಳದ ಬೇವನ್ನೂ ಕಡಿಸಬೇಡಿ, ದಯವಿಟ್ಟು.

ಸ್ಲ್ಯಾಬ್ ಹಾಕಿಸಿ, ತಪ್ಪಿಲ್ಲ. ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿ, ಆಗದಿದ್ದರೆ ಪ್ರತಿ ಬೇಸಿಗೆಗೆ ಸುಣ್ಣ ಬಳಿಸಿ. ಫಿಲ್ಲರ್ ಸ್ಲ್ಯಾಬ್ ಬಗ್ಗೆಯೂ ಎಂಜಿನಿಯರನ್ನು ಕೇಳಿ. ಸ್ಲ್ಯಾಬಿನ ಕೆಳಭಾಗದಲ್ಲಿ, ಕಬ್ಬಿಣದ ಸರಳುಗಳ ನಡುವೆ ಹಂಚು ಇಟ್ಟು ಕಾಂಕ್ರೀಟ್ ಹಾಕುವುದು ಅದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹಾಗೆ ಎಷ್ಟೋ ಮನೆ ಕಟ್ಟಿದರು. ಕಾಂಕ್ರೀಟ್ ಕಡಿಮೆ ಸಾಕು, ಬಿಸಿಯೂ ಸ್ವಲ್ಪ ಕಡಿಮೆ.

ಮಣ್ಣೇ ಬೇಕೆಂದರೂ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದು ಸುಡದ ಇಟ್ಟಿಗೆ, ಆದರೂ ಮಳೆಗೆ ಕರಗುವುದಿಲ್ಲ. ಆದರೆ ನಿಮ್ಮ ಹೊಲದ ಎರೆಮಣ್ಣು ಅದಕ್ಕೆ ಆಗಿಬರದು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕೆಂಪು ಮಣ್ಣು ತರಿಸಬೇಕು.

ಪಾಯ ತೋಡುವ ಮುಂಚೆ ಪ್ಲಾನಿನ ಒಂದು ಪ್ರತಿ ನಮಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ. ಏಪ್ರಿಲ್ ಮಧ್ಯಾಹ್ನ ಅವ್ವ ಚಾಪೆ ಹಾಸುವ ಜಾಗ ಯಾವುದು ಎಂದು ಕೇಳಿ, ಅದನ್ನೂ ಬರೆದು ಕಳಿಸಿ.