ಫುಟ್‌ಬಾಲ್ ತಂಡದ ಸಿಬ್ಬಂದಿಯೂ ಆಟಗಾರರ ಹಾಗೇ ಫಿಟ್ ಆಗಿರುತ್ತಾರಾ? ಅವರ ಊಟ, ನಿದ್ದೆ, ವ್ಯಾಯಾಮ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ಫಿಸಿಯೋಥೆರಪಿ ಮುಗಿಸಿದ್ದೀರಿ, ಒಂದು ವೃತ್ತಿಪರ ಫುಟ್‌ಬಾಲ್ ತಂಡದಿಂದ ಕರೆ ಬಂದಿದೆ. "ಮೈದಾನದಲ್ಲಿ ಕೆಲಸ, ಆರೋಗ್ಯಕ್ಕೂ ಒಳ್ಳೆಯದು" ಅಂತ ಮನೆಯವರು ಖುಷಿಯಾಗಿದ್ದಾರೆ. ಅದು ನಿಜವಾ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನವನು. ಎಂಟು ಸೀಸನ್‌ಗಳಿಂದ ತಂಡಗಳ ಜೊತೆ ಫಿಸಿಯೋ ಆಗಿದ್ದೇನೆ. ಕೆಲಸ ತುಂಬಾ ಚೆನ್ನಾಗಿದೆ, ಮತ್ತೆ ಹುಟ್ಟಿದರೂ ಇದನ್ನೇ ಮಾಡುತ್ತೇನೆ. ಆದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನೋದು ಆಟಗಾರರ ಮಟ್ಟಿಗೆ ನಿಜ. ನಮ್ಮ ಮಟ್ಟಿಗೆ ಅಲ್ಲ. ಅದನ್ನು ನಾವೇ ಕಾಪಾಡಿಕೊಳ್ಳಬೇಕು.

ಒಂದು ಸಾಮಾನ್ಯ ಬೆಳಿಗ್ಗೆ ಹೇಳುತ್ತೇನೆ. ಆಟಗಾರರು ಅಭ್ಯಾಸಕ್ಕೆ ಬಂದ ಕೂಡಲೇ ಫೋನಿನಲ್ಲಿ ಐದಾರು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ರಾತ್ರಿ ನಿದ್ದೆ ಹೇಗಿತ್ತು, ಎಷ್ಟು ಗಂಟೆ, ಮೈಕೈ ನೋವಿದೆಯಾ, ಸುಸ್ತಿದೆಯಾ, ಮನಸ್ಸು ಹೇಗಿದೆ. ಆಮೇಲೆ ತೂಕ. ಮೂತ್ರದ ಬಣ್ಣ ನೋಡಿಕೊಳ್ಳಲು ಶೌಚಾಲಯದ ಗೋಡೆ ಮೇಲೆ ಬಣ್ಣದ ಪಟ್ಟಿ ಅಂಟಿಸಿರುತ್ತೇವೆ, ನೀರು ಕಡಿಮೆ ಕುಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಬೆನ್ನ ಮೇಲೆ ಜಿಪಿಎಸ್ ಇರುವ ಬನಿಯನ್ ಹಾಕಿಕೊಂಡು ಓಡುತ್ತಾರೆ. ಯಾರು ಎಷ್ಟು ಕಿಲೋಮೀಟರ್ ಓಡಿದರು, ಎಷ್ಟು ಸಲ ಜೋರಾಗಿ ಓಡಿದರು, ಎಲ್ಲ ಸಂಜೆಯೊಳಗೆ ನಮ್ಮ ಲ್ಯಾಪ್‌ಟಾಪಿಗೆ ಬರುತ್ತದೆ. ಒಬ್ಬ ಹುಡುಗ ಎರಡು ದಿನ ಸರಿಯಾಗಿ ಮಲಗಿಲ್ಲ ಅಂದರೆ ಮೂರು ಜನ ಅವನ ಹಿಂದೆ ಬೀಳುತ್ತೇವೆ.

ಆ ಪ್ರಶ್ನೆಗಳನ್ನು ಸಿದ್ಧ ಮಾಡಿದವನು ನಾನು. ಈ ಎಂಟು ಸೀಸನ್‌ನಲ್ಲಿ ಅದೇ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ.

ಕೋಚ್, ಸಹಾಯಕ ಕೋಚ್, ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್, ಡಾಕ್ಟರ್, ಫಿಸಿಯೋ, ಮಸಾಜ್ ಮಾಡುವವರು, ವಿಡಿಯೋ ಅನಲಿಸ್ಟ್, ಕಿಟ್ ನೋಡಿಕೊಳ್ಳುವವರು, ಟೀಮ್ ಮ್ಯಾನೇಜರ್, ಹೀಗೆ ನಾವು ಹತ್ತು ಹದಿನೈದು ಜನ ಇರುತ್ತೇವೆ. ಎಲ್ಲರೂ ಟ್ರ್ಯಾಕ್ ಪ್ಯಾಂಟ್, ತಂಡದ ಟಿ-ಶರ್ಟ್ ಹಾಕಿರುತ್ತೇವೆ. ಹೊರಗಿನವರಿಗೆ ಎಲ್ಲರೂ ಕ್ರೀಡಾಪಟುಗಳ ಹಾಗೇ ಕಾಣುತ್ತೇವೆ. ಆದರೆ ಮೈದಾನದಲ್ಲಿ ನಿಲ್ಲುವುದು ವ್ಯಾಯಾಮ ಅಲ್ಲ. ನನಗೆ ಇದು ಅರ್ಥ ಆಗಲು ಮೂರು ವರ್ಷ ಬೇಕಾಯಿತು.

ನನ್ನ ದಿನ ನೋಡಿ. ಬೆಳಿಗ್ಗೆ ಎರಡು ಗಂಟೆ ಟೇಬಲ್ ಮೇಲೆ ಬಗ್ಗಿ ಕಣಕಾಲಿಗೆ ಟೇಪ್ ಸುತ್ತುವುದು, ತೊಡೆ ಒತ್ತುವುದು. ಆಮೇಲೆ ಒಂದೂವರೆ ಗಂಟೆ ಚೀಲ ನೇತುಹಾಕಿಕೊಂಡು ಗೆರೆಯ ಪಕ್ಕ ನಿಲ್ಲುವುದು. ಆಮೇಲೆ ಮತ್ತೆ ಟೇಬಲ್. ಸಂಜೆಗೆ ಸೊಂಟ ಹಿಡಿದಿರುತ್ತದೆ, ಸುಸ್ತಾಗಿರುತ್ತದೆ, ಆದರೆ ಉಸಿರು ಏರುವಷ್ಟು ಒಂದು ಹತ್ತು ನಿಮಿಷವೂ ನಡೆದಿರುವುದಿಲ್ಲ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟಗಾರರಿಗೆ ಇದು ಒಂದೆರಡು ದಿನದ ಬಾಬತ್ತು. ನಮ್ಮ ವಿಡಿಯೋ ಅನಲಿಸ್ಟ್‌ಗೆ ಎಷ್ಟೋ ವಾರ ಅದರ ಕಾಲು ಭಾಗವೂ ಆಗುವುದಿಲ್ಲ. ಪಂದ್ಯದ ಹಿಂದಿನ ದಿನ ಆ ಹುಡುಗ ಹನ್ನೆರಡು ಗಂಟೆ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಕಿಟ್ ನೋಡಿಕೊಳ್ಳುವವರದ್ದು ಇದಕ್ಕೆ ಉಲ್ಟಾ. ದಿನವಿಡೀ ಓಡಾಟ, ಪೆಟ್ಟಿಗೆ ಎತ್ತುವುದು, ಒದ್ದೆ ಬಟ್ಟೆ ಹೊರುವುದು. ಆದರೆ ಹೊತ್ತಿಗೆ ಸರಿಯಾಗಿ ಊಟ ಇಲ್ಲ, ಕೂರಲು ಜಾಗ ಇಲ್ಲ.

ಇನ್ನು ಊಟ. ಇಲ್ಲೇ ಜಾಸ್ತಿ ಜನ ಎಡವುವುದು.

ತಂಡದ ಊಟವನ್ನು ಆಟಗಾರರ ಲೆಕ್ಕದಲ್ಲಿ ಮಾಡಿಸುತ್ತಾರೆ. ಒಬ್ಬ ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಓಡುತ್ತಾನೆ. ಅವನಿಗೆ ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮೊದಲು ಅನ್ನ, ಪಾಸ್ತಾ, ಆಲೂಗಡ್ಡೆ, ಬ್ರೆಡ್, ಜೇನುತುಪ್ಪ ಎಲ್ಲ ಬೇಕು. ಪಂದ್ಯ ಮುಗಿದ ಮೇಲೆ ಮತ್ತೆ ಬೇಕು, ಖಾಲಿಯಾದ ಸ್ನಾಯು ತುಂಬಬೇಕಲ್ವಾ? ಹಾಗಾಗಿ ರಾತ್ರಿ ಹತ್ತೂವರೆಗೆ ಡ್ರೆಸ್ಸಿಂಗ್ ರೂಮಿಗೆ ಪಿಜ್ಜಾ, ಬಿರಿಯಾನಿ ಬರುತ್ತದೆ. ನಾವು ಅದೇ ಸಾಲಿನಲ್ಲಿ ನಿಂತು ಅದೇ ತಟ್ಟೆ ತುಂಬಿಸಿಕೊಳ್ಳುತ್ತೇವೆ. ಓಡಿದವನು ಅವನು, ತಿಂದವರು ಇಬ್ಬರೂ.

2020-21ರಲ್ಲಿ ಕೊರೊನಾ ಕಾರಣಕ್ಕೆ ಇಂಡಿಯನ್ ಸೂಪರ್ ಲೀಗ್‌ನ ಎಲ್ಲ ಪಂದ್ಯಗಳೂ ಗೋವಾದಲ್ಲೇ ನಡೆದವು. ತಂಡಗಳು ಹೋಟೆಲ್‌ನಿಂದ ಮೈದಾನಕ್ಕೆ, ಮೈದಾನದಿಂದ ಹೋಟೆಲ್‌ಗೆ, ಅಷ್ಟೇ. ವಿಮಾನ ಓಡಾಟ ಇಲ್ಲದ್ದರಿಂದ ನಿದ್ದೆ ಸುಧಾರಿಸಿತು. ಆದರೆ ದಿನಕ್ಕೆ ಮೂರು ಹೊತ್ತು ಬಫೆ, ಹೊರಗೆ ಕಾಲಿಡುವ ಹಾಗಿಲ್ಲ. ಆಟಗಾರರ ತೂಕ ಪ್ರತಿದಿನ ಬರೆದುಕೊಳ್ಳುತ್ತಿದ್ದ ನಾನು, ಅದೇ ಯಂತ್ರದ ಮೇಲೆ ಒಂದು ದಿನವೂ ನಿಂತಿರಲಿಲ್ಲ. ಊರಿಗೆ ಬಂದು ನೋಡಿದರೆ ಏಳು ಕೆಜಿ ಜಾಸ್ತಿ. ಅಮ್ಮ ಬಾಗಿಲಲ್ಲೇ "ಏನೋ ಇದು, ಮುಖ ಊದಿದೆ" ಅಂದರು.

ನಿದ್ದೆಯ ವಿಷಯಕ್ಕೆ ಬರೋಣ. ನೀವು ಹೆಚ್ಚು ಯೋಚಿಸಬೇಕಾದ್ದು ಇದನ್ನೇ. ನಮ್ಮಲ್ಲಿ ಪಂದ್ಯ ಸಾಮಾನ್ಯವಾಗಿ ಸಂಜೆ 7:30ಕ್ಕೆ ಶುರು. ಮುಗಿಯುವಾಗ 9:20 ಆಗಿರುತ್ತದೆ. ಆಟಗಾರ ಐಸ್ ನೀರಿಗೆ ಇಳಿಯುತ್ತಾನೆ, ನಮ್ಮ ಕೆಲಸ ಆಗ ಶುರು. ಪೆಟ್ಟು ಬಿದ್ದವರನ್ನು ನೋಡಬೇಕು, ಸ್ಕ್ಯಾನ್ ಬೇಕಾ ಅಂತ ಡಾಕ್ಟರ್ ಜೊತೆ ಮಾತಾಡಬೇಕು. ಉದ್ದೀಪನ ಮದ್ದಿನ ಪರೀಕ್ಷೆಗೆ ನಮ್ಮ ಹುಡುಗನ ಹೆಸರು ಬಂದರೆ ಅವನ ಜೊತೆ ಒಬ್ಬರು ಕೂರಬೇಕು. ಕನಿಷ್ಠ 90 ಮಿಲಿ ಲೀಟರ್ ಮೂತ್ರ ಕೊಡಬೇಕು ಅನ್ನೋದು ನಿಯಮ. 90 ನಿಮಿಷ ಬೆವರು ಸುರಿಸಿದವನಿಗೆ ಅದು ಬೇಗ ಬರುವುದಿಲ್ಲ. ಬಾಟಲಿ ಮೇಲೆ ಬಾಟಲಿ ನೀರು ಕುಡಿಸುತ್ತಾ ಹನ್ನೊಂದೂವರೆವರೆಗೆ ಕೂತದ್ದಿದೆ. ರೂಮಿಗೆ ಬರುವಾಗ ಹನ್ನೆರಡೂವರೆ. ಗೆದ್ದರೆ ಖುಷಿಗೆ ನಿದ್ದೆ ಬರುವುದಿಲ್ಲ. ಸೋತರೆ ಆ ಗೋಲು ಕಣ್ಣ ಮುಂದೆ ಬರುತ್ತಲೇ ಇರುತ್ತದೆ. ಒಂದು ಗಂಟೆಗೆ ಫೋನು: "ಸರ್, ಮೀನಖಂಡ ಹಿಡ್ಕೊಂಡಿದೆ, ಏನ್ ಮಾಡ್ಲಿ?"

ಮರುದಿನ ಬೆಳಿಗ್ಗೆ ವಿಮಾನ ಇದ್ದರೆ ಕತೆ ಮುಗಿಯಿತು. ಆರು ಗಂಟೆ ವಿಮಾನಕ್ಕೆ ನಾಲ್ಕಕ್ಕೆ ವಿಮಾನ ನಿಲ್ದಾಣದಲ್ಲಿರಬೇಕು. ಕಿಟ್ ಪೆಟ್ಟಿಗೆಗಳ ಜೊತೆ ಹೋಗುವವರು ಇನ್ನೂ ಮೊದಲೇ ಹೊರಡುತ್ತಾರೆ. ಗುವಾಹಟಿಗೆ ಹೋದರೆ ಬೆಳಕಿನ ಗೊಂದಲ ಬೇರೆ. ಮಾರ್ಚ್‌ನಲ್ಲಿ ಅಲ್ಲಿ ನಮ್ಮ ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಸೂರ್ಯ ಹುಟ್ಟುತ್ತಾನೆ. ತಡವಾಗಿ ಮಲಗಿದವನ ಮುಖಕ್ಕೆ ಐದೂವರೆಗೆಲ್ಲ ಬೆಳಕು. ನಾನು ಈಗ ಹೋಟೆಲ್ ರೂಮಿಗೆ ಕಾಲಿಟ್ಟ ಕೂಡಲೇ ಮೊದಲು ಪರದೆ ಎಳೆದು ನೋಡುತ್ತೇನೆ. ಸಂದಿ ಇದ್ದರೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕುತ್ತೇನೆ.

ಇದೆಲ್ಲ ಸುಮ್ನೆ ಹೇಳುತ್ತಿಲ್ಲ. ಒಂದು ಸಂಜೆ ನಡೆದದ್ದು ಹೇಳುತ್ತೇನೆ.

ಹೊರ ಊರಿನ ಪಂದ್ಯ. ನಮ್ಮ ಕಿಟ್ ಅಣ್ಣನಿಗೆ ಆಗ ಐವತ್ತರ ಹತ್ತಿರ, ಸಕ್ಕರೆ ಕಾಯಿಲೆ ಇತ್ತು. ಎಲ್ಲರಿಗೂ ಅವರು ಅಣ್ಣನೇ, ಕೋಚ್‌ಗೂ. ಸಂಜೆ ಆರರ ಹೊತ್ತಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ಪ್ರತಿಯೊಬ್ಬನ ಜಾಗದಲ್ಲಿ ಜರ್ಸಿ, ಕಾಲುಚೀಲ, ಶಿನ್‌ಗಾರ್ಡ್ ಇಟ್ಟು, ಪಕ್ಕದಲ್ಲಿ ಒಂದೊಂದು ಗ್ಲೂಕೋಸ್ ಜೆಲ್ ಪೊಟ್ಟಣ ಇಡುತ್ತಿದ್ದರು. ಹದಿನಾಲ್ಕು ಇಟ್ಟರು, ಮತ್ತೆ ಮೊದಲಿಂದ ಎಣಿಸಿದರು. ಮತ್ತೆ ಎಣಿಸಿದರು. ಎಂದೂ ಲೆಕ್ಕ ತಪ್ಪುವವರಲ್ಲ. ನಾನು ಟೇಪ್ ಕತ್ತರಿಸುತ್ತಿದ್ದವನು ತಲೆ ಎತ್ತಿ ನೋಡಿದೆ. ಎಸಿ ಹಾಕಿದ ಕೋಣೆಯಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು, ಬೆರಳು ನಡುಗುತ್ತಿತ್ತು.

"ಅಣ್ಣ, ಊಟ ಆಯ್ತಾ?" ಅಂದೆ.

"ಮಾತ್ರೆ ತಗೊಂಡೆ ಬೆಳಿಗ್ಗೆ" ಅಂದರು. ಕೇಳಿದ್ದೊಂದು, ಹೇಳಿದ್ದೊಂದು. ಕೂರಿಸಿ ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 52. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ಬೆಳಿಗ್ಗೆ ಮಾತ್ರೆ ನುಂಗಿ, ಎರಡು ಇಡ್ಲಿ ತಿಂದು ಬಸ್ಸಿಗೆ ಪೆಟ್ಟಿಗೆ ಏರಿಸಲು ಹೋದವರು ಆಮೇಲೆ ಏನೂ ತಿಂದಿರಲಿಲ್ಲ. ಮಧ್ಯಾಹ್ನ ಆಟಗಾರರ ಊಟದ ಹೊತ್ತಿಗೆ ಅವರು ಸ್ಟೇಡಿಯಂನಲ್ಲಿದ್ದರು. ಆಟಗಾರರಿಗೆ ಇಟ್ಟ ಜೆಲ್‌ನಲ್ಲೇ ಒಂದನ್ನು ಹರಿದು ಬಾಯಿಗೆ ಹಾಕಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 81. ಅವರು ಕಣ್ಣು ತಿಳಿಯಾಗಿಸಿಕೊಂಡು ಕೇಳಿದ ಮೊದಲ ಮಾತು, "ಒಂದು ಕಮ್ಮಿ ಆಯ್ತಲ್ಲಾ, ಯಾರಿಗೆ?"

ಅವತ್ತು ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ಇಪ್ಪತ್ತು ಜನಕ್ಕೆ ಗ್ರಾಂ ಲೆಕ್ಕದಲ್ಲಿ ತಿನ್ನಿಸುವ ಕೋಣೆಯಲ್ಲಿ ಒಬ್ಬ ಮನುಷ್ಯ ಹಸಿದು ಬೀಳುವುದರಲ್ಲಿದ್ದ, ಪಕ್ಕದಲ್ಲಿದ್ದ ನನಗೆ ಗೊತ್ತಿರಲಿಲ್ಲ.

ಇದು ನಮ್ಮ ದೇಶದ್ದೊಂದೇ ಪಾಡಲ್ಲ. ದುಡ್ಡು, ಡಾಕ್ಟರು ಎಲ್ಲ ಇರುವ ಕಡೆಯೂ ಹೀಗೇ ಆಗಿದೆ. 1985ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡ್ ತಂಡದ ಮ್ಯಾನೇಜರ್ ಜಾಕ್ ಸ್ಟೀನ್, ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧದ ಪಂದ್ಯದ ಕೊನೆಯಲ್ಲಿ ಗೆರೆಯ ಪಕ್ಕದಲ್ಲೇ ಕುಸಿದರು, ಸ್ವಲ್ಪ ಹೊತ್ತಿನಲ್ಲೇ ಸ್ಟೇಡಿಯಂನಲ್ಲೇ ತೀರಿಕೊಂಡರು. ಬಾರ್ಸಿಲೋನಾ ಕೋಚ್ ಆಗಿದ್ದ ಯೋಹಾನ್ ಕ್ರೈಫ್ ಸಿಗರೇಟಿನ ಮೇಲೆ ಸಿಗರೇಟು ಸೇದುತ್ತಿದ್ದರು. 1991ರಲ್ಲಿ ಹೃದಯದ ಬೈಪಾಸ್ ಆದ ಮೇಲೆ ಅದನ್ನು ಬಿಟ್ಟು ಬೆಂಚಿನಲ್ಲಿ ಕೂತು ಲಾಲಿಪಾಪ್ ಚೀಪತೊಡಗಿದರು. ಲಿವರ್‌ಪೂಲ್ ತಂಡದ ಮ್ಯಾನೇಜರ್ ಆಗಿದ್ದ ಜೆರಾರ್ಡ್ ಉಲಿಯೇಗೆ 2001ರ ಅಕ್ಟೋಬರ್‌ನಲ್ಲಿ ಪಂದ್ಯದ ಮಧ್ಯಂತರದಲ್ಲಿ ಎದೆನೋವು ಬಂತು. ಮಹಾಧಮನಿ ಸೀಳಿತ್ತು, ಹನ್ನೊಂದು ಗಂಟೆ ಶಸ್ತ್ರಚಿಕಿತ್ಸೆ ಆಯಿತು. ಎಲ್ಲಕ್ಕೂ ಕೆಲಸ ಒಂದೇ ಕಾರಣ ಅನ್ನಲಾಗದು. ಆದರೆ ಉಲಿಯೇ ಐದು ತಿಂಗಳಿಗೇ ಮತ್ತೆ ಬೆಂಚಿಗೆ ಬಂದು ಕೂತರು ಅನ್ನೋದನ್ನು ಯೋಚಿಸಿ. ಈ ಆಟ ಹಾಗೆ ಎಳೆಯುತ್ತದೆ.

ಆ ಸಂಜೆಯ ನಂತರ ನಾವು ಏನು ಬದಲಾಯಿಸಿದೆವು ಅಂದರೆ, ದೊಡ್ಡ ಯೋಜನೆ ಏನೂ ಅಲ್ಲ. ಸಿಬ್ಬಂದಿ ಊಟವನ್ನು ಡಬ್ಬಿಯಲ್ಲಿ ಸ್ಟೇಡಿಯಂಗೆ ಕಳಿಸುವ ಹಾಗೆ ಹೋಟೆಲ್‌ಗೆ ಮೊದಲೇ ಹೇಳುತ್ತೇವೆ. ಐದೂವರೆಗೆ ಎಲ್ಲರೂ ಹತ್ತು ನಿಮಿಷ ಕೂತು ತಿನ್ನಬೇಕು. ಅನ್ನ, ಬೇಳೆ, ಪಲ್ಯ, ಮೊಟ್ಟೆ, ಇಷ್ಟೇ. ಹೊಟ್ಟೆ ತುಂಬಿದ್ದರೆ ರಾತ್ರಿ ಪಿಜ್ಜಾ ಮೇಲೆ ಆಸೆ ಅರ್ಧ ಇಳಿಯುತ್ತದೆ. ಪಂದ್ಯದ ನಂತರ ನನಗೆ ಮೊಸರನ್ನವೇ ಸಾಕು.

ನಾನು ನಾಲ್ಕು ಗಂಟೆ ನಂತರ ಕಾಫಿ ಮುಟ್ಟುವುದಿಲ್ಲ. ಫಿಲ್ಟರ್ ಕಾಫಿ ಇಲ್ಲದೆ ಬೆಳೆದವನಲ್ಲ, ಕಷ್ಟ ಆಯಿತು. ಆದರೆ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಪಂದ್ಯದ ಮಧ್ಯಂತರದಲ್ಲಿ ಕುಡಿದದ್ದು ರಾತ್ರಿ ಒಂದೂವರೆಗೂ ಅರ್ಧ ಉಳಿದಿರುತ್ತದೆ. ರಾತ್ರಿ ಫೋನ್ ನೋಡಿಕೊಳ್ಳುವ ಕೆಲಸವನ್ನು ಡಾಕ್ಟರು, ನಾನು, ಇನ್ನೊಬ್ಬ ಫಿಸಿಯೋ ಸರದಿ ಮೇಲೆ ಹಂಚಿಕೊಂಡಿದ್ದೇವೆ. ಪಂದ್ಯದ ಮರುದಿನ ಮಧ್ಯಾಹ್ನ ಇಪ್ಪತ್ತೈದು ನಿಮಿಷ ಮಲಗುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ, ಇಲ್ಲದಿದ್ದರೆ ಆ ರಾತ್ರಿಯ ನಿದ್ದೆಯೂ ಕೆಡುತ್ತದೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಪಂದ್ಯದ ರಾತ್ರಿ ಅದು ಸಿಗುವುದಿಲ್ಲ, ಹಾಗಾಗಿ ಅದರ ಹಿಂದಿನ ಎರಡು ರಾತ್ರಿ ಬಿಟ್ಟುಕೊಡುವುದಿಲ್ಲ.

ವ್ಯಾಯಾಮಕ್ಕೆ ಆಟಗಾರರು ಬರುವ ಮೊದಲು ಮೈದಾನ ಖಾಲಿ ಇರುತ್ತದೆ. ಇಪ್ಪತ್ತೈದು ನಿಮಿಷ ಬಿರುಸಾಗಿ ಸುತ್ತು ಹಾಕುತ್ತೇನೆ. ಈಗ ಅನಲಿಸ್ಟ್ ಹುಡುಗನೂ ಬರುತ್ತಾನೆ, ನಿನ್ನೆಯ ವಿಡಿಯೋದ ಮಾತು ಅಲ್ಲೇ ಮುಗಿಯುತ್ತದೆ. ವಾರಕ್ಕೆ ಎರಡು ಸಲ ಫಿಟ್‌ನೆಸ್ ಕೋಚ್ ನಮಗೂ ಜಿಮ್‌ನಲ್ಲಿ ಭಾರ ಎತ್ತಿಸುತ್ತಾರೆ. ನನ್ನ ಸೊಂಟನೋವು ಹೋದದ್ದು ಅದರಿಂದಲೇ.

ನೀವು ಸಹಿ ಹಾಕುವ ಮೊದಲು ಕೆಲವನ್ನು ನಾಚಿಕೊಳ್ಳದೆ ಕೇಳಿ. ವಾರಕ್ಕೆ ಒಂದು ಪೂರ್ತಿ ರಜೆ ಇದೆಯಾ? ಸಿಬ್ಬಂದಿಗೂ ಆರೋಗ್ಯ ವಿಮೆ ಇದೆಯಾ, ಇಲ್ಲಾ ಆಟಗಾರರಿಗೆ ಮಾತ್ರವಾ? ಸೀಸನ್ ಶುರುವಿನಲ್ಲಿ ಆಟಗಾರರಿಗೆ ಮಾಡುವ ರಕ್ತ ಪರೀಕ್ಷೆ, ಇಸಿಜಿ ನಮಗೂ ಮಾಡುತ್ತೀರಾ? ಪ್ರವಾಸದಲ್ಲಿ ರೂಮು ಒಬ್ಬರಿಗೋ ಇಬ್ಬರಿಗೋ? ಗೊರಕೆ ಹೊಡೆಯುವವರು ಜೊತೆಗಿದ್ದರೆ ನಿಮ್ಮ ಸೀಸನ್ ನಿದ್ದೆ ಇಲ್ಲದೆ ಕಳೆಯುತ್ತದೆ. ಕೇಳಿದ್ದಕ್ಕೆ ಯಾರಾದರೂ ಮುಖ ಸಿಂಡರಿಸಿದರೆ ಆ ಜಾಗ ಹೇಗಿದೆ ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಕೆಲಸಕ್ಕೆ ಖಂಡಿತ ಸೇರಿ. ಮೊದಲ ಹೊರ ಊರಿನ ಪಂದ್ಯ ಮುಗಿಸಿ ಬಂದ ಮೇಲೆ ಎಷ್ಟು ಗಂಟೆ ಮಲಗಿದಿರಿ, ಏನು ತಿಂದಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ. ನಾನು ನೋಡುತ್ತಿರುತ್ತೇನೆ.